ಕಲ್ಲು ತೊಳೆಯುವ ಜೋಳ

"ಲೇ ಜಕರಯ್ಯಾ, ಗಿರಣಿ ಬಂದ್ ಮಾಡಲೇ! ಮೊದ್ಲು ಬಂದ್ ಮಾಡು!"

ಉಜ್ಜಿನಪ್ಪನ ದನಿ ಗಿರಣಿಯ ಸದ್ದನ್ನು ಸೀಳಿಕೊಂಡು ಒಳಗೆ ಬಂತು, ಹಿಂದೆಯೇ ಅವನೂ ಬಂದ. ಹೆಗಲ ಮೇಲೆ ಹಿಟ್ಟಿನ ಚೀಲ, ಮೀಸೆಯ ತುಂಬ ಬೆವರು. ಸಾಲು ಹಿಡಿದು ಕೂತಿದ್ದ ಹೆಂಗಸರು ಡಬ್ಬಿ ಬುಟ್ಟಿಗಳನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡರು. ಕುರುಗೋಡಿನಲ್ಲಿ ಉಜ್ಜಿನಪ್ಪನ ಸಿಟ್ಟು ಗೊತ್ತಿಲ್ಲದವರಿಲ್ಲ. ಬಳ್ಳಾರಿ ಬಸ್ಸು ತಡವಾದರೆ ತಡವಾಯಿತೆಂದು ಡ್ರೈವರನಿಗೆ ಬೈಯುತ್ತಿದ್ದ. ಹೊತ್ತಿಗೆ ಸರಿಯಾಗಿ ಬಂದರೆ, ತಾನು ಓಡಿ ಹತ್ತಬೇಕಾಯಿತೆಂದು ಬೈಯುತ್ತಿದ್ದ.

ಜಕರಯ್ಯ ಸ್ವಿಚ್ಚು ಇಳಿಸಿದ. ಕಲ್ಲು ಗುರುಗುಟ್ಟುತ್ತ ನಿಂತಿತು. ಹುಬ್ಬಿಗೆ ಮೆತ್ತಿದ್ದ ಹಿಟ್ಟನ್ನು ಮುಂಗೈಯಿಂದ ಒರೆಸಿಕೊಂಡು, "ಏನಾತ್ರಿ ಯಜಮಾನ್ರ?" ಎಂದ.

"ಏನಾತಾ? ನಾಲಿಗಿ ಸುಟ್ಟೈತಿ! ಮುಂಜಾನಿ ರೊಟ್ಟಿ ಬಾಯಾಗಿಟ್ರ ಕೆಂಡ ಇಟ್ಟಂಗಾತು. ಖಾರ ಬೀಸಿದ ಕಲ್ಲಾಗ ನನ್ನ ಜ್ವಾಳ ಹಾಕೀಯಲ್ಲೋ, ನಿನಗೇನು ಕಣ್ಣು ಅದಾವೋ ಇಲ್ಲೋ?"

ಆ ಗಿರಣಿಯಲ್ಲಿ ಇದ್ದದ್ದು ಒಂದೇ ಕಲ್ಲು. ಶನಿವಾರ ಖಾರ ಬೀಸುವ ದಿನ. ಮೆಣಸಿನಕಾಯಿ ಬೀಸಿ ಮುಗಿದ ಮೇಲೆ ಯಾರೂ ತಮ್ಮ ಜೋಳ ಮೊದಲು ಹಾಕಿಸುತ್ತಿರಲಿಲ್ಲ. ನೀ ಮೊದಲು, ನೀ ಮೊದಲು ಎಂದು ಹೆಂಗಸರು ಅಲ್ಲಿಯೇ ಜಗಳಕ್ಕೆ ನಿಲ್ಲುತ್ತಿದ್ದರು. ಅದನ್ನು ನೋಡಿ ನೋಡಿ ಜಕರಯ್ಯ ಒಂದು ಪದ್ಧತಿ ಇಟ್ಟುಕೊಂಡಿದ್ದ. ಖಾರ ಮುಗಿದ ಕೂಡಲೇ ತನ್ನ ಮನೆಯ ನಾಲ್ಕು ಸೇರು ಜೋಳ ಸುರಿಯುವುದು. ಅದು ಕಲ್ಲು ತೊಳೆಯುವ ಜೋಳ. ಅದರ ಹಿಟ್ಟು ಅವನ ಮನೆಗೇ ಹೋಗುತ್ತಿತ್ತು. ಊರಿನ ನಾಲ್ಕು ಕ್ರೈಸ್ತರ ಮನೆಗಳಲ್ಲಿ ಅವನದೂ ಒಂದು. ಭಾನುವಾರ ಮುಂಜಾನೆ ಆ ರೊಟ್ಟಿ ತಿಂದು ಪ್ರಾರ್ಥನೆಗೆ ಕೂತರೆ ಜಕರಯ್ಯ, ಹೆಂಡತಿ ಕರುಣಮ್ಮ, ಮಗಳು, ಮೂವರ ಕಣ್ಣಲ್ಲೂ ನೀರು. ಬಳ್ಳಾರಿಯ ಚರ್ಚಿನಿಂದ ಬರುವ ಅಯ್ಯನವರು ಅದು ತಮ್ಮ ಪ್ರಸಂಗದ ಪ್ರಭಾವವೆಂದು ತಿಳಿದು ಇನ್ನೂ ಅರ್ಧ ಗಂಟೆ ಮುಂದುವರಿಸುತ್ತಿದ್ದರು.

ಈಗ ಸಾಲಿನಲ್ಲಿದ್ದ ಗಂಗಕ್ಕ ಪಕ್ಕದವಳ ಕಡೆ ವಾಲಿದಳು. "ನಮ್ಮನಿ ಹಿಟ್ಟೂ ಯಾಕೋ ಘಾಟು ಅನ್ನಸ್ತಿತ್ತು ನೋಡವ್ವಾ. ನಾ ಬಾಯಿ ಬಿಟ್ಟಿದ್ದಿಲ್ಲ."

"ಕೇಳಿದೇನಲೇ?" ಉಜ್ಜಿನಪ್ಪನಿಗೆ ಇನ್ನಷ್ಟು ಬಲ ಬಂತು. "ನಾಳಿಂದ ನಮ್ಮ ಓಣಿ ಮಂದಿ ಒಬ್ರೂ ಇಲ್ಲಿಗೆ ಕಾಲಿಡಂಗಿಲ್ಲ. ಬಸ್ ಸ್ಟ್ಯಾಂಡಿನ ಹೊಸಾ ಗಿರಣಿಗೆ ಹೊಕ್ಕಾರ. ಅಲ್ಲಿ ಖಾರಕ್ಕ ಬ್ಯಾರೆ ಕಲ್ಲು ಐತಿ!"

ಆ ಓಣಿಯೆಂದರೆ ಗಿರಣಿಯ ಅರ್ಧ ಗಿರಾಕಿ. ಜಕರಯ್ಯ ಚೀಲ ಇಳಿಸಿಕೊಂಡು ಒಳಗೆ ಕೈ ಹಾಕಿದ. ಹಿಟ್ಟು ನುಣ್ಣಗಿತ್ತು. ಚೀಲದ ಮೂಲೆಯ ಹೊಲಿಗೆಗೆ ಬೆರಳು ತಾಕಿದಾಗ ಏನೋ ತರಿತರಿಯಾಗಿ ಸಿಕ್ಕಿತು. ಮೆಣಸಿನಕಾಯಿ ಬೀಜ. ಜೊತೆಗೊಂದು ಒಣಗಿದ ತೊಟ್ಟು.

ಅವನಿಗೆ ಎಲ್ಲವೂ ನೆನಪಾಯಿತು. ನಿನ್ನೆ, ಸೋಮವಾರ, ಜೋಳವನ್ನು ಬುಟ್ಟಿಯಲ್ಲಿ ತಂದಿಟ್ಟು ಹೋದವಳು ಉಜ್ಜಿನಪ್ಪನ ಹೆಂಡತಿ ವಿರೂಪಮ್ಮ. ಹಿಟ್ಟು ಒಯ್ಯಲು ಈ ಚೀಲ ಹಿಡಿದು ಬಂದವನು ಉಜ್ಜಿನಪ್ಪನೇ. ಕಾಳು ತುಂಬಿಡುವ ಹಗೇವಿನ ಹತ್ತಿರ ಕೈಗೆ ಸಿಕ್ಕ ಮೆಣಸಿನಕಾಯಿ ಚೀಲವನ್ನು ಕೊಡವದೆಯೇ ತಂದಿದ್ದಾನೆ.

ಚೀಲವನ್ನು ಇಲ್ಲಿಯೇ, ಎಲ್ಲರೆದುರು ಮಗುಚಿದರೆ ಸಾಕಿತ್ತು. ಗಂಗಕ್ಕನ ಬಾಯಿಗೆ ಬಿದ್ದ ಸುದ್ದಿ ಸಂತೆಯ ಹೊತ್ತಿಗೆ ಸಿರುಗುಪ್ಪ ಮುಟ್ಟುತ್ತಿತ್ತು. ಜಕರಯ್ಯನ ಕೈ ಚೀಲದ ಅಂಚು ಹಿಡಿದಾಗಿತ್ತು. ಅಷ್ಟರಲ್ಲಿ ಅಯ್ಯನವರ ಮಾತು, ಬರಬಾರದ ಹೊತ್ತಿನಲ್ಲಿ ನೆನಪಿಗೆ ಬಂತು. ನಗುತ್ತ ಬರುವವರ ಮುಂದೆ ನಗುವುದಕ್ಕೆ ದೇವರ ನೆರವು ಯಾಕೆ ಬೇಕು, ಎಂದು ಅವರು ಭಾನುವಾರ ಕೇಳಿದ್ದರು. ಆಗ ಕಣ್ಣುರಿಯಲ್ಲಿ ಜಕರಯ್ಯ ಮಜ್ಜಿಗೆಯ ಧ್ಯಾನದಲ್ಲಿದ್ದ. ಮಾತು ಮಾತ್ರ ಹೇಗೋ ಒಳಗೆ ಹೊಕ್ಕಿತ್ತು.

ಅವನು ಅಂಚು ಬಿಟ್ಟ.

"ಖಾರ ಇರೋದು ಖರೇ ಐತ್ರಿ ಯಜಮಾನ್ರ. ಇದನ್ನ ನಾ ಇಟ್ಕಂತೀನಿ, ನಮ್ಮನಿ ಹಿಟ್ಟು ಒಯ್ಯಿರಿ."

ಗಿರಣಿಯ ಹಿಂದೆಯೇ ಅವನ ಮನೆ. ಕರುಣಮ್ಮ ನೀರಿಗೆ ಹೋಗಿದ್ದಳು. ಬಾಗಿಲ ಪಕ್ಕದಲ್ಲಿದ್ದ ಹಿಟ್ಟಿನ ಡಬ್ಬಿ ಎತ್ತಿ ತಂದು ಉಜ್ಜಿನಪ್ಪನ ಕೈಗೆ ಕೊಟ್ಟ. ಚೀಲದ ಹಿಟ್ಟನ್ನು ಒಂದು ಬುಟ್ಟಿಗೆ ತಾನೇ ಸುರಿದುಕೊಂಡು, ಖಾಲಿ ಚೀಲವನ್ನು ಹೊಲಿಗೆ ಕಾಣದಂತೆ ಮಡಚಿ ಅವನ ಕಂಕುಳಿಗೆ ಸಿಕ್ಕಿಸಿದ.

ಉಜ್ಜಿನಪ್ಪನಿಗೆ ಸಮಾಧಾನವಾಗಲಿಲ್ಲ. ಇನ್ನೂ ಅರ್ಧ ಗಂಟೆಗೆ ಸಾಕಾಗುವಷ್ಟು ಬೈಗುಳ ಅವನಲ್ಲಿ ಉಳಿದಿತ್ತು. "ಥೂ! ನೆಟ್ಟಗ ಬೈಸಿಕೊಳ್ಳಾಕೂ ಬರಂಗಿಲ್ಲ ನಿನಗ!" ಎನ್ನುತ್ತ ಹೊರಟ. ಸಾಲಿನಲ್ಲಿದ್ದ ಇಬ್ಬರು ತಮ್ಮ ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ರೊಟ್ಟಿ ಮುರಿದು, "ಯವ್ವಾ, ಇದ್ಯಾಕ ಇಷ್ಟು ಸಪ್ಪಗೈತಿ?" ಎಂದಳು. ಉಜ್ಜಿನಪ್ಪನ ನಾಲಿಗೆ ಸುಟ್ಟ ಹಿಟ್ಟಿನದೇ ರೊಟ್ಟಿ ಅದು; ಆ ಮನೆಯವರಿಗೆ ಖಾರವೆನಿಸಿಯೇ ಇರಲಿಲ್ಲ.

ಕರುಣಮ್ಮನ ಕೈ ಹಂಚಿನ ಮೇಲೆಯೇ ನಿಂತಿತು. "ಇದರ ಬದಲಿ ಅವರಿಗೆ ಯಾವ ಡಬ್ಬಿ ಕೊಟ್ರಿ?"

"ಬಾಗಿಲ ಮಗ್ಗಲದ್ದು."

"ಅಯ್ಯೋ ನನ ದೇವ್ರೇ! ಅದು ಶನಿವಾರದ್ದರಿ! ಛೊಲೋದು ಒಲಿ ಹಿಂದ ಐತಿ!"

ಜಕರಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ.

"ಓಡಿ ಹೋಗಿ ಹೇಳ್ರಿ ಮತ್ತ!"

"ಈಗ ಉಣ್ಣಾಕ ಕುಂತಿರ್ತಾನ," ಎಂದ ಜಕರಯ್ಯ ಸಣ್ಣ ದನಿಯಲ್ಲಿ. "ಹೋಗೋದು ಯಾಕ, ಅವನೇ ಬರ್ತಾನ ಬಿಡು."

ಉಜ್ಜಿನಪ್ಪ ಬರಲಿಲ್ಲ. ಬುಧವಾರವೂ ಬರಲಿಲ್ಲ. ಬಾಗಿಲಲ್ಲಿ ಯಾರು ಚೀಲ ಇಳಿಸಿದರೂ ಜಕರಯ್ಯ ಬೆಚ್ಚಿ ನೋಡುತ್ತಿದ್ದ. ಬೈಸಿಕೊಳ್ಳುವುದಕ್ಕಿಂತ ಕಾಯುವುದೇ ಹೆಚ್ಚಿನ ಕಷ್ಟವೆನಿಸಿ, ಗುರುವಾರ ಒಲೆಯ ಹಿಂದಿನ ಡಬ್ಬಿ ಹೊತ್ತು ತಾನೇ ಅವನ ಮನೆಗೆ ಹೋದ. ಅಂಗಳದಲ್ಲಿ ವಿರೂಪಮ್ಮ ಒಬ್ಬಳೇ ಇದ್ದಳು.

"ಯವ್ವಾ, ಒಂದು ತಪ್ಪಾಗೈತಿ. ಮೊನ್ನೆ ಕೊಟ್ಟ ಹಿಟ್ಟು..."

ವಿರೂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೊಮ್ಮೆ ನೋಡಿದಳು. ಅವಳ ಭುಜ ಕುಲುಕುತ್ತಿತ್ತು. "ಸುಮ್ನಿರಪ್ಪಾ! ಅವತ್ತು ಚೀಲ ಕೊಡವಿದೆ ನೋಡು, ಹಿಡಿ ಮೆಣಸಿನಬೀಜ ಬಿತ್ತು, ಅವನ ಕಾಲ ಮ್ಯಾಲೇ ಬಿತ್ತು. ನೋಡಿದ, ಮಾತಾಡಲಿಲ್ಲ. ಆಮ್ಯಾಲೆ ರೊಟ್ಟಿ ಹಾಕಿದೆ. ಒಂದ ತುತ್ತಿಗೆ ಮಾರಿ ಟೊಮ್ಯಾಟೊ ಆತು. ಬಾಯಿ ತೆರದ, ಮತ್ತ ಮುಚ್ಚಿದ. ನಲವತ್ತು ವರ್ಷದಾಗ ಆ ಬಾಯಿ ಹಂಗ ಮುಚ್ಚಿದ್ದು ನಾ ನೋಡಿದ್ದಿಲ್ಲ."

"ಮತ್ತ ಈಗ?"

"ಮೂರು ದಿನಾತು, ಬೆಲ್ಲ ಕಡಕೊಂತ ಅದನ್ನ ಉಣ್ತಾನ. ಹೆಂಗೈತಿ ಅಂದ್ರ, ಛೊಲೋ ಐತಿ ಅಂತಾನ." ಅವಳು ಡಬ್ಬಿಯನ್ನು ಅವನ ಕಡೆಗೇ ತಳ್ಳಿದಳು. "ಇದನ್ನ ಹೊಳ್ಳಿ ಒಯ್ಯಿ. ಮನಿ ತಣ್ಣಗೈತಿ. ಅದು ತೀರಿದ್ರ ಇನ್ನೊಂದೀಟು ಅಂಥಾದ್ದ ಕೊಡು."

ಶನಿವಾರ ಖಾರ ಬೀಸಿ ಮುಗಿಯುವ ಹೊತ್ತಿಗೆ ಗಿರಣಿಯ ತುಂಬ ಸೀನು. ಹೆಂಗಸರು ಮೂಗಿಗೆ ಸೆರಗು ಹಿಡಿದು ದೂರ ಕೂತಿದ್ದರು. ಸಾಲು ಎಂದಿಗಿಂತ ಗಿಡ್ಡವಿತ್ತು. ಜಕರಯ್ಯ ತನ್ನ ನಾಲ್ಕು ಸೇರಿನ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು.

"ಸರೀರಿ ಅತ್ತಾಗ! ಗಿರಣಿ ಏನು ನಿಮ್ಮಪ್ಪಂದಾ?"

ಉಜ್ಜಿನಪ್ಪ ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಎಲ್ಲರನ್ನೂ ನೂಕಿಕೊಂಡು ಮುಂದೆ ಬಂದ. "ತಗೀಲೇ ನಿನ್ನ ಡಬ್ಬಿ. ನಂದ ಮೊದ್ಲು ಹಾಕು."

"ಯಜಮಾನ್ರ, ಈಗ ಖಾರ ಬೀಸೀನಿ. ಕಲ್ಲು ಇನ್ನೂ..."

"ನನಗೇನು ಮೂಗಿಲ್ಲೇನಲೇ? ಹಾಕು ಅಂದ್ರ ಹಾಕು! ಮಾತಾಡಬ್ಯಾಡ!"

ಗಂಗಕ್ಕ ಕಿಸಕ್ಕೆಂದಳು. ಉಜ್ಜಿನಪ್ಪ ಗರ್ರನೆ ತಿರುಗಿದ. "ಏನಬೇ ಹಲ್ಲು ಕಿಸೀತಿ? ನಮ್ಮ ಓಣ್ಯಾಗಿನವರು ಎಲ್ಲಿ ಅದಾರ? ಕರಿ ಹೋಗು! ಕಲ್ಲು ಏನು ನಿಮಗ ದಾರಿ ಕಾಯ್ತೈತೇನು?"

ಜಕರಯ್ಯ ಬುಟ್ಟಿಯನ್ನು ಎತ್ತಿ ಸುರಿದ. ಕಲ್ಲು ತಿರುಗಿತು. ಉಜ್ಜಿನಪ್ಪ ಹಿಟ್ಟು ಬೀಳುವ ಬಾಯಿಗೆ ಎರಡೂ ಕೈಯಿಂದ ಚೀಲ ಹಿಡಿದು ನಿಂತ. ಒಗೆದು ಬೆಳ್ಳಗಾಗಿದ್ದ ಅದೇ ಚೀಲವನ್ನು ಹೊಲಿಗೆಯೆಲ್ಲ ಹೊರಗೆ ಬರುವಂತೆ ತಿರುವಿ ಹಾಕಿದ್ದ. ಮೊದಲ ಹಿಟ್ಟು ತಿಳಿಗೆಂಪಾಗಿ ಇಳಿಯತೊಡಗಿತು. ಅವನು ಒಂದು ಸಲ ಸೀನಿದ, ಇನ್ನೊಂದು ಸಲ ಸೀನಿದ, ಕಣ್ಣಿಂದ ಇಳಿದ ನೀರನ್ನು ತೋಳಿಗೆ ಒರೆಸಿಕೊಂಡು ಚೀಲವನ್ನು ಇನ್ನಷ್ಟು ಅಗಲಕ್ಕೆ ಹಿಡಿದ.