ದರ್ಜಿ ಹೊಲಿದ ಗವಸು

ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡವರು ಯಾವ ಬೀದಿಯಲ್ಲಿ ಇಲ್ಲ ಹೇಳಿ? ಈ ದರ್ಜಿಯೂ ಹಾಗೆಯೇ ಬಿದ್ದ. ಬಟ್ಟೆಯ ಗಂಟನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಬರುತ್ತಿದ್ದ. ಗಂಟು ಸಡಿಲಾಗಿ ಬಟ್ಟೆಯ ತುದಿ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಸೈಕಲ್ಲು ನಿಂತಲ್ಲೇ ನಿಂತಿತು, ದರ್ಜಿ ಮಾತ್ರ ಮುಂದೆ ಹೋದ. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡಾಯಿತು.

ಆಸ್ಪತ್ರೆಯಲ್ಲಿ ಬೆರಳುಗಳನ್ನಷ್ಟೇ ಹೊರಗೆ ಬಿಟ್ಟು ಪ್ಲಾಸ್ಟರ್ ಹಾಕಿದರು. ಸಲಹೆಗಳಿದ್ದ ಒಂದು ಹಾಳೆ ಕೊಟ್ಟು, "ಮನೆಗೆ ಹೋಗಿ ಓದ್ಕೊಳ್ಳಿ" ಎಂದರು. ಹೆಂಡತಿ ಅದನ್ನು ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಓದೋಣ, ಓದೋಣ ಎನ್ನುವುದರಲ್ಲೇ ದಿನ ಕಳೆಯಿತು.

ಮಾರನೇ ದಿನ ಪಕ್ಕದ ಮನೆಯ ನರ್ಸಕ್ಕ ನೋಡಲು ಬಂದಳು.

"ಅಣ್ಣ, ಕಾಲು ಕೆಳಗೆ ಇಳಿಬಿಡಬೇಡಿ. ಮಲಗಿ, ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಬೆರಳು ಆಡಿಸ್ತಾ ಇರಿ. ಅತ್ತಿಗೆ, ನೀವು ಆಗಾಗ ಬೆರಳಿನ ಬಣ್ಣ ನೋಡ್ತಿರಿ."

"ಮುರಿದಿರೋದು ಮೂಳೆ ಕಣಮ್ಮ, ಬೆರಳಲ್ಲ" ಎಂದು ದರ್ಜಿ ನಕ್ಕ. "ಶಾಲೆ ತೆರೆಯೋಕೆ ಇನ್ನು ಹತ್ತೇ ದಿನ. ನಲವತ್ತು ಸಮವಸ್ತ್ರ ಹೊಲಿಯೋದಿದೆ. ಮಲಗಿದ್ರೆ ನಿನ್ನ ದಿಂಬು ಹೊಲಿಯುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನು. ನರ್ಸಕ್ಕ ಬೇರೆ ಊರಿನ ಆರೋಗ್ಯ ಶಿಬಿರದ ಕೆಲಸಕ್ಕೆ ಹೊರಟದ್ದೇ ತಡ, ಯಂತ್ರದ ಮುಂದೆ ಕುಳಿತ. ಎಡಗಾಲಿನಲ್ಲಿ ಯಂತ್ರ ತುಳಿದ. ಪ್ಲಾಸ್ಟರಿನ ಕಾಲು ದಿನವಿಡೀ ಸ್ಟೂಲಿನಿಂದ ಕೆಳಗೆ ಜೋತುಬಿದ್ದಿತ್ತು.

ಬಂದ ಗಿರಾಕಿಗಳೆಲ್ಲ ಆ ಕಾಲನ್ನು ನೋಡಿ ಅಯ್ಯೋ ಪಾಪ ಎನ್ನುವುದು ಅವನಿಗೆ ಸಹಿಸಲಾಗಲಿಲ್ಲ. ಮಿಕ್ಕಿದ್ದ ಕಡುನೀಲಿ ಸೂಟಿನ ಬಟ್ಟೆಯಲ್ಲಿ ಪ್ಲಾಸ್ಟರಿಗೊಂದು ಗವಸು ಹೊಲಿದ. ಒಳಗೆ ಅಸ್ತರಿ, ಪಕ್ಕಕ್ಕೆ ಆರು ಗುಂಡಿ. ಬೆರಳುಗಳ ಮೇಲೂ ದುಂಡಗೆ ಮುಚ್ಚುವಂತೆ ಒಂದು ತುಂಡು.

"ನೋಡೇ, ರಾಜರ ಕಾಲು!" ಎಂದು ಹೆಂಡತಿಗೆ ತೋರಿಸಿದ. ಅವಳಿಗೂ ಹೆಮ್ಮೆಯಾಯಿತು. ದಿನಾ ಬೆಳಿಗ್ಗೆ ಮೇಲಿನಿಂದಲೇ ಧೂಳು ಒರೆಸುತ್ತಿದ್ದಳು. ಗುಂಡಿ ಮಾತ್ರ ಬಿಚ್ಚಲಿಲ್ಲ.

ನಾಲ್ಕನೇ ದಿನ ಕಾಲು ಸಿಡಿಯತೊಡಗಿತು. ಮಾತ್ರೆ ನುಂಗಿದರೂ ನೋವು ಇಳಿಯಲಿಲ್ಲ. ದರ್ಜಿ ಹಲ್ಲು ಕಚ್ಚಿಕೊಂಡು ಕಾಲರ್ ಹೊಲಿದ.

"ರೀ, ಆಸ್ಪತ್ರೆಗೆ ಹೋಗಿ ಬರೋಣ."

"ಮುರಿದ ಕಾಲು ನೋಯದೆ ಕಿವಿ ನೋಯುತ್ತೇನೆ? ಸುಮ್ನಿರೆ."

ಐದನೇ ದಿನ ಬೆಳಿಗ್ಗೆ ನಗುತ್ತಾ ಎದ್ದ. "ನೋವೇ ಇಲ್ಲ ಕಣೇ. ವಾಸಿಯಾಗ್ತಿದೆ." ಅವಳು ದೇವರಿಗೆ ಕೈಮುಗಿದಳು. ಮುಂದೆ ಎಷ್ಟೋ ದಿನ ಆ ಕೈಮುಗಿದ ಗಳಿಗೆಯನ್ನು ನೆನೆದು ತನ್ನನ್ನೇ ಶಪಿಸಿಕೊಂಡಳು.

ಅಂದು ಮಧ್ಯಾಹ್ನ ನರ್ಸಕ್ಕ ಊರಿನಿಂದ ಬಂದವಳು ನೇರ ಇಲ್ಲಿಗೇ ಬಂದಳು. ಗವಸು ನೋಡಿದ್ದೇ ಅವಳ ಮುಖ ಬದಲಾಯಿತು.

"ಬಿಚ್ಚಿ ಅತ್ತಿಗೆ. ಬೇಗ."

ಹೆಂಡತಿ ಆರನೇ ಗುಂಡಿ ಬಿಚ್ಚಿ ಗವಸು ಸರಿಸಿದಳು. ಬೆರಳುಗಳು ಊದಿ ಹೊಳೆಯುತ್ತಿದ್ದವು. ಕೊನೆಯ ಎರಡು ಬೆರಳಂತೂ ಗವಸಿನ ಬಟ್ಟೆಯ ಬಣ್ಣಕ್ಕೇ ತಿರುಗಿದ್ದವು. ನರ್ಸಕ್ಕ ಒಂದೊಂದನ್ನೂ ಒತ್ತಿದಳು. ತಣ್ಣಗಿದ್ದವು.

"ಅಣ್ಣ, ಈಗ ಯಾವ ಬೆರಳು ಮುಟ್ತಿದೀನಿ ಹೇಳಿ?"

"ಇನ್ನೂ ಮುಟ್ಟೇ ಇಲ್ವಲ್ಲಮ್ಮ" ಎಂದ ದರ್ಜಿ.

ಅವಳ ಕೈ ಕಿರುಬೆರಳಿನ ಮೇಲೇ ಇತ್ತು. ಆಮೇಲೆ ಅವನೇ ಬಗ್ಗಿ ನೋಡಿದ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಸೀಳಿ, ಊದಿದ ಕಾಲಿನಲ್ಲೂ ಉದ್ದಕ್ಕೆ ಕೊಯ್ದು ಒಳಗಿನ ಒತ್ತಡ ಇಳಿಸಿದರು. ಕಾಲು ಉಳಿಯಿತು. ಎರಡು ಬೆರಳು ಹೋದವು.

"ಇನ್ನೂ ತಡ ಮಾಡಿದ್ರೆ ಕಾಲೇ ತೆಗೀಬೇಕಾಗ್ತಿತ್ತು" ಎಂದರು ವೈದ್ಯರು. "ನೋವು ನಿಂತಿದ್ದು ವಾಸಿಯಾಗಿ ಅಲ್ಲ, ನರ ಸ್ಪರ್ಶ ಕಳ್ಕೊಂಡಿದ್ದಕ್ಕೆ. ನೋವು ಶುರುವಾದ ಕೂಡಲೇ ಬಂದಿದ್ರೆ ಬೆರಳೂ ಉಳೀಬಹುದಿತ್ತು."

ಹೆಂಡತಿ ಮನೆಗೆ ಬಂದು ಮೇಜು ಸರಿಮಾಡುವಾಗ ಕಸದಲ್ಲಿ ಅರ್ಧ ಚಂದ್ರದಂತೆ ಕತ್ತರಿಸಿದ ಕಾಗದ ಸಿಕ್ಕಿತು. ಗವಸಿನ ಬೆರಳಿನ ತುಂಡಿಗೆ ದರ್ಜಿ ಮಾಡಿಕೊಂಡಿದ್ದ ಅಳತೆ ಅದು. ಹಿಂಬದಿಯಲ್ಲಿ ಅಚ್ಚಾಗಿತ್ತು: "ಬೆರಳುಗಳನ್ನು ಮುಚ್ಚಬೇಡಿ. ಬಣ್ಣ ಬದಲಾದರೆ, ಜೋಮು ಹಿಡಿದರೆ ಕೂಡಲೇ..." ಅಲ್ಲಿಂದ ಮುಂದೆ ಕತ್ತರಿ ಹೋಗಿತ್ತು.

ಅವಳು ಅದನ್ನು ಆಸ್ಪತ್ರೆಗೆ ಒಯ್ದು ಅವನ ಕೈಗೆ ಕೊಟ್ಟಳು. ಅವನು ಓದಿದ. "ನೀನು ಓದಲಿಲ್ಲ, ನಾನು ಕತ್ತರಿಸಿದೆ" ಎಂದು ಗೋಡೆ ಕಡೆ ತಿರುಗಿ ಅತ್ತ.

ಆರು ತಿಂಗಳಾಯಿತು. ಮೂಳೆ ಕೂಡಿದೆ, ಆದರೆ ಪಾದ ಮೇಲೇಳುವುದಿಲ್ಲ. ಯಂತ್ರ ತುಳಿಯಲು ಒತ್ತಿದರೆ ಸಾಲದು, ಎತ್ತಲೂ ಬೇಕಲ್ಲ! ಎಡಗಾಲಿನಲ್ಲೇ ಹೊಲಿಯುತ್ತಾನೆ. ನರ್ಸಕ್ಕ ಹೇಳಿಕೊಟ್ಟಂತೆ ಬೆಳಿಗ್ಗೆ ಸಂಜೆ ಪಾದಕ್ಕೆ ಬಟ್ಟೆಯ ಪಟ್ಟಿ ಕಟ್ಟಿ ಎಳೆಯುತ್ತಾನೆ. ಎಣಿಸುವವಳು ಹೆಂಡತಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಕಡುನೀಲಿ ಗವಸು ಗೋಡೆಯ ಮೊಳೆಗೆ ತೂಗುತ್ತಿದೆ. ಯಾರಾದರೂ ಪ್ಲಾಸ್ಟರಿನ ಕಾಲು ಎಳೆದುಕೊಂಡು ಅಂಗಡಿಗೆ ಬಂದರೆ ದರ್ಜಿ ಅಳತೆ ಪಟ್ಟಿ ಕೆಳಗಿಟ್ಟು, "ಮೊದಲು ಬೆರಳು ತೋರ್ಸಿ" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಪ್ಲಾಸ್ಟರ್ ಹಾಕಿದ ಕಾಲನ್ನು ಎತ್ತರಕ್ಕೆ ಇಡಿ, ಬೆರಳು ತೆರೆದಿಡಿ. ನೋವು ಏರುತ್ತಲೇ ಹೋದರೆ, ಬೆರಳು ಊದಿ ತಣ್ಣಗಾದರೆ, ಬಿಳಿಚಿಕೊಂಡರೆ ಇಲ್ಲವೇ ನೀಲಿಯಾದರೆ, ಮುಟ್ಟಿದ್ದು ತಿಳಿಯದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ನಾಳೆ ನೋಡೋಣ ಎನ್ನಬೇಡಿ. ನಿಮ್ಮ ಮನೆಯಲ್ಲಿ ಈಗ ಯಾರ ಕಾಲಿಗಾದರೂ ಪ್ಲಾಸ್ಟರ್ ಇದೆಯೇ? ಹಾಗಾದರೆ ಈ ಹಾಳೆ ಕೆಳಗಿಡಿ. ಎದ್ದು ಹೋಗಿ ಬೆರಳು ಮುಟ್ಟಿ, ಯಾವ ಬೆರಳು ಎಂದು ಕೇಳಿ.