ದೋಣಿಕಾರನ ವಧುವಿನ ತಾಯಿ

ಹಾಡು ಮುಗಿದಿದೆ, ಗ್ಯಾಲರಿಯಲ್ಲಿ ಯಾರೋ ಕೆಮ್ಮಿದರು, ಉಳಿದವರಿಗೆಲ್ಲ ಏನು ಬಡಿದಿದೆ — ಶಾರೋಲ್ತಾ ರಂಗದ ಮೇಲೆ ತೋಳು ಚಾಚಿಯೇ ನಿಂತಿದ್ದಾಳೆ, ಅರವತ್ನಾಲ್ಕರ ತೋಳು, ಕೆಳಗಿಳಿಯಬೇಡ ಮುಂಡೇದೇ, ಪಕ್ಕದ ಪರದೆಯ ಹಿಂದೆ ಬೊಟೊಂಡ್ ನೋಡುತ್ತಿದ್ದಾನೆ, ಮೊನ್ನೆ ಮೊನ್ನೆ ಮೀಸೆ ಬಂದ ನಿರ್ದೇಶಕ, ಬೆಳಿಗ್ಗೆ ಅಂದಿದ್ದ, ಶಾರಿ ನೇನಿ, ತಾಯಿ ಪಾತ್ರಕ್ಕೆ ಹಾಡು ಯಾಕ್ರೀ, ವಿಯೆನ್ನಾದ ಮೂಲದಲ್ಲಿ ಆಕೆಗಿರೋದೇ ಮೂರು ಮಾತು, ಹೋಗ್ಲಿ, ಇವತ್ತೊಂದಿನ ಹಾಡಿ, ಜನ ಮತ್ತೊಮ್ಮೆ ಹಾಡಿ ಅನ್ನಲಿಲ್ಲಾಂದ್ರೆ ನಾಳೆಯಿಂದ ಹಾಡೂ ಇಲ್ಲ, ನೀವೂ ಮನೇಲಿ ಆರಾಮಾಗಿರಿ — ಆರಾಮವಂತೆ! ನೇನಿಯಂತೆ, ಅತ್ತೆ ಎಂದು ಕರೆದು ಮೂಲೆಗೆ ಕೂರಿಸುವ ಉಪಾಯ, ಮೂಲವಂತೆ, ಯಾವ ಮೂಲ? ಜರ್ಮನ್‌ನಲ್ಲಿ ಈ ಗೀತನಾಟಕ ಬರೆದವರು ವಧುವನ್ನು ಕೊನೆಗೆ ಕನ್ಯಾಮಠಕ್ಕೆ ಅಟ್ಟಿದರು, ಬುಡಾಪೆಸ್ಟಿನ ಜನ ಒಪ್ಪುವರೇ, ದುಡ್ಡು ಕೊಟ್ಟು ಬೇರೆ ಅಳಬೇಕೇನ್ರೀ ಎಂದರು, ಹಂಗೇರಿಯನ್ ಭಾಷೆಗೆ ಬಂದ ವರ್ಷವೇ ಮದುವೆ ಮಾಡಿಸಿದರು, ಆ ಮದುವೆಯಲ್ಲಿ ಇವಳೂ ಒಂದು ಕಾಲದ ವಧು, ಇಪ್ಪತ್ತರ ಶಾರೋಲ್ತಾ, ಸೊಂಟ ಒಂದು ಹಿಡಿ, ಆಮೇಲೆ ಕಮ್ಯುನಿಸ್ಟ್ ಸರ್ಕಾರ ಬಂತು, ಕಥೆಯನ್ನು ಮತ್ತೆ ತಿದ್ದಿದರು, ದೋಣಿಕಾರನ ವೇಷದ ರಾಜಕುಮಾರ ನಿಜವಾಗಿಯೂ ದೋಣಿಕಾರನೇ ಆಗಿಬಿಟ್ಟ, ವಧು ನೂಲಿನ ಗಿರಣಿಗೆ ಸೇರಿದಳು, ಅವಳೂ ಇವಳೇ, ತಲೆಗೆ ಚೌಕ ಕಟ್ಟಿಕೊಂಡು ವಾಲ್ಟ್ಜ್ ಕುಣಿದವಳು, ಜನ ಕಥೆಗೆ ನಕ್ಕರು, ರಾಗಕ್ಕೆ ಅತ್ತರು, ಊರು ಸುಟ್ಟರೂ ಹನುಮಪ್ಪ ಹೊರಗೆ, ರಾಗಕ್ಕೆ ಏನೂ ಆಗಲಿಲ್ಲ, ಅಷ್ಟೆಲ್ಲ ತಿದ್ದಿದ ಮೇಲೆ ತಾಯಿಗೊಂದು ಹಾಡು ಕೊಟ್ಟರೆ ಮೈಲಿಗೆಯೇ — ಒಂದು ಚಪ್ಪಾಳೆ, ಎರಡು, ಜೋಳದ ಅರಳು ಸಿಡಿದಂತೆ ಅಲ್ಲೊಂದು ಇಲ್ಲೊಂದು, ಸಾಲದು, ಇದು ಕನಿಕರದ ಚಪ್ಪಾಳೆ, ಇವಳಿಗೆ ಗೊತ್ತಿಲ್ಲವೇ, ಈ ಊರಿನವರು ಮನಸಾರೆ ಮೆಚ್ಚಿದರೆ ಅಂಗೈಗಳೆಲ್ಲ ಒಂದೇ ತಾಳಕ್ಕೆ ಬೀಳಬೇಕು, ಕಬ್ಬಿಣದ ಚಪ್ಪಾಳೆ, ಅದಾಗದೆ ವಾದ್ಯವೃಂದದ ಮುಂದೆ ನಿಂತ ಗೆಡಿಯೋನ್ ಮತ್ತೆ ಹಾಡಿಸಲು ಕೋಲು ಎತ್ತುವುದಿಲ್ಲ, ಹಳೆಯ ಗೆಳೆಯ, ಬೇಡ ಗೆಡಿಯೋನ್, ದಾನಕ್ಕೆ ಎತ್ತಬೇಡ — ಕಾಲಡಿಯ ಹಲಗೆಯಲ್ಲಿ ನಡುಕ, ಧಪ್, ಧಪ್, ಧಪ್, ಗ್ಯಾಲರಿಯಿಂದ ಕೆಳಗಿನ ಸಾಲಿನವರೆಗೆ ಒಂದೇ ತಾಳ, ಅಯ್ಯೋ ದೇವರೇ, ಕೋಲು ಎದ್ದಿತು, ಹಾಡುತ್ತಾಳೆ, ಮತ್ತೆ ಧಪ್ ಧಪ್, ಕೋಲು ಮತ್ತೆ ಎದ್ದಿತು, ಈ ಸಲ ಜರ್ಮನ್‌ನಲ್ಲಿ, ಮೂಲ ಬೇಕಿತ್ತಲ್ಲಪ್ಪ ಬೊಟೊಂಡ್, ತಗೋ, ರಾಗ ಅದೇ, ಮೂಲದಲ್ಲಿ ಮಠಕ್ಕೆ ಹೊರಟ ವಧುವಿನ ಹಾಡು ಇದೇ, ಮದುವೆ ಮಾಡಿಸಿದವರು ಕತ್ತರಿಸಿ ಬಿಸಾಡಿದ್ದು, ಮಗಳಿಗೆ ಬೇಡವಾಗಿದ್ದನ್ನು ತಾಯಿ ಹಾಡುತ್ತಿದ್ದಾಳೆ, ಉಸಿರು ಸಾಲದು, ಸಾಕು, ಸಂತೋಷಕ್ಕೆ ಎದೆ ಒಡೆದೀತು, ನೇನಿ ಇನ್ನೊಂದ್ಸಲ, ಇನ್ನೊಂದೇ ಸಲ, ಯಾರದು, ಪರದೆಯ ಹಿಂದೆ ಬೊಟೊಂಡನ ಅಂಗೈಯೂ ಅದೇ ತಾಳಕ್ಕೆ, ನಾಳೆಯೂ ಹಾಡು ಇದೆ, ನಾಡಿದ್ದೂ, ಧಪ್, ಧಪ್, ದೀಪದ ಬೆಳಕಿನಲ್ಲಿ ಗೆಡಿಯೋನ್‌ನ ಕೋಲು, ಮತ್ತೆ, ಮೇಲೆ, ಕೋಲು —