ಏಳು ಜಿಬಿಯ ಕಟ್ಟು

ನಮ್ಮನೆಯವರು ಬುಕ್ ಬೈಂಡರು. ಬಿಡಿ ಹಾಳೆ ಕಂಡರೆ ಅವರಿಗೆ ಮೈಯೆಲ್ಲ ಉರಿ. ಕರೆಂಟ್ ಬಿಲ್ಲು, ಮಕ್ಕಳ ಮಾರ್ಕ್ಸ್ ಕಾರ್ಡು, ಔಷಧಿ ಚೀಟಿ, ಸಿಕ್ಕಿದ್ದಕ್ಕೆಲ್ಲ ರಟ್ಟು ಹಾಕಿ ಹೊಲಿದುಬಿಡ್ತಾರೆ. ಜ್ವರ ಬಂತು ಅಂದ್ರೆ ಡಾಕ್ಟರ ಹತ್ರ ಇಡೀ ಸಂಪುಟ ಹೊತ್ಕೊಂಡು ಹೋಗ್ಬೇಕು.

ನಾನು ಹೊಲಿಗೆ ಟೀಚರು. ಎರಡು ವರ್ಷ ಒದ್ದಾಡಿ ನಲವತ್ತೆರಡು ವಿಡಿಯೋ ಪಾಠ ಮಾಡಿದ್ದೆ. ಸೋಮವಾರ ಅವನ್ನ ತರಬೇತಿ ಕೇಂದ್ರಕ್ಕೆ ಕೊಟ್ಟರೆ ಕೆಲಸ ಕಾಯಂ, ಇಲ್ಲದಿದ್ರೆ ಮನೇಲಿರು ಅಂದಿದ್ರು. ಭಾನುವಾರ ಬೆಳಿಗ್ಗೆ ನಮ್ಮ ಕಂಪ್ಯೂಟರು ಟಿಕ್ ಟಿಕ್ ಅನ್ನೋಕೆ ಶುರು ಮಾಡ್ತು. ರಿಪೇರಿ ಅಂಗಡಿ ಇಟ್ಟಿರೋ ನನ್ನ ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಒಳಗಿನ ಡಿಸ್ಕ್ ಸಾಯ್ತಾ ಇದೆ. ಇರೋದನ್ನೆಲ್ಲ ಬೇಗ ಹೊರಗಿನ ಡಿಸ್ಕಿಗೆ ಸಾಗಿಸು" ಅಂದ.

ಯಜಮಾನರು ಕುರ್ಚಿ ಎಳ್ಕೊಂಡು ಕೂತೇಬಿಟ್ರು. ಮೊದಲು ತಮ್ಮದೇ ಸರಕು! ಮೂವತ್ತು ವರ್ಷದಲ್ಲಿ ಕಟ್ಟಿದ ಪುಸ್ತಕಗಳ ಬೆನ್ನಿನ ಫೋಟೋಗಳು, ಒಂಬತ್ತು ಸಾವಿರ. ಬರೀ ಬೆನ್ನು. ಎಲ್ಲಾ ಸಲೀಸಾಗಿ ಹೋದವು. ನನ್ನ ಸರದಿ ಬಂದಾಗ ಕಂಪ್ಯೂಟರು ಮೊಂಡು ಹಿಡೀತು: ಫೈಲು ತುಂಬಾ ದೊಡ್ಡದಂತೆ.

"ಇಷ್ಟು ದೊಡ್ಡ ಡಿಸ್ಕು ಖಾಲಿ ಬಿದ್ದಿದೆ. ನನ್ನವು ಪುಟ್ಟ ಪುಟ್ಟ ಫೈಲು. ಯಾವುದ್ರೀ ದೊಡ್ಡದು?"

ಅವರು ಗಂಟಲು ಸರಿ ಮಾಡ್ಕೊಂಡರು. "ನಿನ್ನ ವಿಡಿಯೋ ಎಲ್ಲಾ ಚೆಲ್ಲಾಪಿಲ್ಲಿಯಾಗಿತ್ತು. ಹೋದ ತಿಂಗಳು ನಾನೇ ಜಿಪ್ ಮಾಡಿ ಒಂದೇ ಕಟ್ಟು ಮಾಡಿದೆ. ಏಳು ಜಿಬಿ. ಬಿಡಿಯಾಗಿ ಇದ್ದವನ್ನ ಅಳಿಸಿದೆ."

ಮತ್ತೆ ತಮ್ಮನಿಗೆ ಫೋನು.

"ಆ ಡಿಸ್ಕಿನ ಫಾರ್ಮ್ಯಾಟ್ ಹಳೇದಕ್ಕಾ. ಎಷ್ಟೇ ಜಾಗ ಇರ್ಲಿ, ಒಂದು ಫೈಲು ನಾಲ್ಕು ಜಿಬಿ ದಾಟೋ ಹಾಗಿಲ್ಲ. ಸಾಯೋ ಡಿಸ್ಕಿನ ಮೇಲೆ ಕಟ್ಟು ಬಿಚ್ಚೋಕೆ ಹೋಗ್ಬೇಡ, ಅಲ್ಲೇ ಕೈ ಕೊಡುತ್ತೆ. ಹೊರಗಿನದನ್ನ ಪೂರ್ತಿ ಅಳಿಸಿ ಹೊಸ ಫಾರ್ಮ್ಯಾಟ್ ಹಾಕು. ಆಮೇಲೆ ಎಲ್ಲ ಮೊದಲಿಂದ ಸಾಗಿಸು."

"ಅಳಿಸೋದಾ?" ಇವರು ಡಿಸ್ಕನ್ನ ಎದೆಗೆ ಅವಚಿಕೊಂಡರು. "ನನ್ನದು ಒಂಬತ್ತು ಸಾವಿರ ಫೈಲು, ನಿನ್ನದು ಒಂದೇ ಒಂದು. ನ್ಯಾಯ ನೀನೇ ಹೇಳು!"

"ಅದನ್ನ ಒಂದು ಮಾಡಿದ್ದು ಯಾರ್ರೀ? ಏಳಿ ಮೇಲೆ!"

ಅವರನ್ನ ಎಬ್ಬಿಸಿ ನಾನೇ ಕೂತೆ. ತಮ್ಮ ಫೋನಿನಲ್ಲಿ ಹೇಳ್ತಾ ಹೋದ, ನಾನು ಒತ್ತುತ್ತಾ ಹೋದೆ. ಅಳಿಸೋಕೆ ಅರ್ಧ ನಿಮಿಷ. ಈ ಸಲ ನನ್ನ ಕಟ್ಟೇ ಮೊದಲು. ಅದು ಕುಂಟಿಕೊಂಡು ಕುಂಟಿಕೊಂಡು ದಾಟೋವರೆಗೆ ನಾನು ಉಸಿರು ಬಿಡಲಿಲ್ಲ. ಆಮೇಲೆ ಅವರ ಫೋಟೋಗಳಿಗೆ ಕೈ ಹಾಕಿದೆ. ಇನ್ನೂರು ಹೋಗಿರಬಹುದು, ಟಿಕ್ ಟಿಕ್ ನಿಂತುಹೋಯ್ತು. ಪರದೆ ಕಪ್ಪಾಯ್ತು. ಎಷ್ಟು ಒತ್ತಿದರೂ ಏಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲು ಖುಷಿಯೇ ಆಯ್ತು. ಆಮೇಲೆ ಅವರ ಮುಖ ನೋಡಿದೆ, ಖುಷಿ ಅಲ್ಲೇ ಇಳೀತು. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದರು.

"ನಿನ್ನದು ಉಳೀತಲ್ಲ?"

"ಉಳೀತು."

ಡಿಸ್ಕನ್ನ ಕೈಗೆತ್ತಿಕೊಂಡು ಕೇಳಿದರು, "ಅದರಲ್ಲಿ ಏನಿದೆ?"

"ಕಟ್ಟೋವಾಗ ಒಂದನ್ನೂ ತೆರೆದು ನೋಡ್ಲಿಲ್ವಾ?"

"ನಮ್ಮ ಕಸುಬಿನಲ್ಲಿ ಒಳಗಿರೋದನ್ನ ಓದೋ ಪದ್ಧತಿ ಇಲ್ಲ" ಅಂದರು, ನನ್ನ ಮುಖ ನೋಡದೆ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾನು ಏನು ಕಲಿಸ್ತೀನಿ ಅಂತ ಅವರು ಕೇಳಿದ್ದು ಅವತ್ತೇ ಮೊದಲು.